ಚಿನ್ನದ ಸುವಾರ್ತೆಯ ಖಾತೆ ಯಾರ ಹೆಸರಲ್ಲಿದೆ?

ಸೈಟು ಕೊಳ್ಳಲು ಹೊರಟವರಿಗೆ ಮನೆಯ ಹಿರಿಯರು ಹೇಳುವ ಮೊದಲ ಮಾತು, ಮುಂಗಡ ಕೊಡುವ ಮುಂಚೆ ಇಸಿ ತೆಗೆಸು ಅಂತ. ತೆಗೆಸಿ ನೋಡಿದರೆ ಯಾರಿಂದ ಯಾರಿಗೆ ಕ್ರಯವಾಯಿತು, ಯಾರು ಅಡವಿಟ್ಟರು, ಯಾರು ಬಿಡಿಸಿಕೊಂಡರು, ಎಲ್ಲ ಸಾಲಾಗಿ ಇಳಿದು ಬರುತ್ತದೆ. ಅರ್ಜಿಯಲ್ಲಿ ಬರೆದ ಅವಧಿಗಿಂತ ಹಿಂದೆ ಏನಾಯಿತೆಂದು ಯಾರೂ ಕೆದಕುವುದಿಲ್ಲ. ಹಳೆಯ ಹಸ್ತಪ್ರತಿಗಳಿಗೂ ಇಂಥದೊಂದು ಇಸಿ ಇರುತ್ತದೆ. ಗ್ರಂಥಾಲಯದವರೂ ಹರಾಜಿನವರೂ ಅದನ್ನು ಪ್ರೊವೆನೆನ್ಸ್ ಎನ್ನುತ್ತಾರೆ. ಆದರೆ ಎಷ್ಟು ವರ್ಷದ್ದು ತೆಗೆಸಬೇಕೆಂದು ಹೇಳುವ ಸಬ್‌ರಿಜಿಸ್ಟ್ರಾರ್ ಅಲ್ಲಿಲ್ಲ. ಎಲ್ಲಿಂದ ಓದಲು ಶುರುಮಾಡುತ್ತೀರೋ ಅದಕ್ಕೆ ತಕ್ಕಂತೆ ಯಜಮಾನ ಬದಲಾಗುತ್ತಾನೆ.

ಲಾರ್ಶ್ ಸುವಾರ್ತೆ ಎಂಬ ಲ್ಯಾಟಿನ್ ಪುಸ್ತಕದ ಕಥೆ ಇದಕ್ಕೆ ಒಳ್ಳೆಯ ಉದಾಹರಣೆ. ಸುಮಾರು 810ರ ಹೊತ್ತಿಗೆ, ಚಕ್ರವರ್ತಿ ಶಾರ್ಲೆಮೇನ್‌ನ ಆಸ್ಥಾನದ ಬರಹಗಾರರು ಮತ್ತಾಯ, ಮಾರ್ಕ, ಲೂಕ, ಯೋಹಾನ ಈ ನಾಲ್ವರ ಸುವಾರ್ತೆಗಳನ್ನು, ಅಂದರೆ ಯೇಸುವಿನ ಬದುಕನ್ನು ಹೇಳುವ ಬೈಬಲ್ಲಿನ ಭಾಗಗಳನ್ನು, ಚರ್ಮದ ಹಾಳೆಗಳ ಮೇಲೆ ಚಿನ್ನದ ಶಾಯಿಯಲ್ಲಿ ಬರೆದರು. ಅಲ್ಲೊಂದು ಇಲ್ಲೊಂದು ಅಕ್ಷರಕ್ಕೆ ಚಿನ್ನ ಲೇಪಿಸಿದ್ದಲ್ಲ, ಪಠ್ಯವೇ ಚಿನ್ನದ್ದು. ಹಾಳೆಯ ಎತ್ತರ ಸುಮಾರು 37 ಸೆಂಟಿಮೀಟರ್, ಅಗಲ 27. ಹಿಂದೆ ಮುಂದೆ ಆನೆದಂತದ ಕೆತ್ತನೆಯ ಹಲಗೆಗಳು.

ಇವತ್ತು ಮತ್ತಾಯ, ಮಾರ್ಕ ಇರುವ ಮೊದಲ ಅರ್ಧ ರೊಮೇನಿಯಾದ ಆಲ್ಬಾ ಯೂಲಿಯಾ ಪಟ್ಟಣದಲ್ಲಿದೆ. ಲೂಕ, ಯೋಹಾನ ಇರುವ ಎರಡನೆಯ ಅರ್ಧ ವ್ಯಾಟಿಕನ್ ಗ್ರಂಥಾಲಯದಲ್ಲಿ, ಪಾಲಾಟಿನುಸ್ ಲ್ಯಾಟಿನುಸ್ 50 ಎಂಬ ಸಂಖ್ಯೆಯಡಿ ಇದೆ. ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಕೂತ ಮೇರಿಯ ಮುಂಭಾಗದ ದಂತಫಲಕ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ. ಅದರ ದಾಖಲೆ ಸಂಖ್ಯೆ 138-1866 ಎಂಬುದರಲ್ಲೇ ಕೊಂಡ ವರ್ಷವೂ ಇದೆ. ಸಿಂಹ ಸರ್ಪಗಳನ್ನು ಮೆಟ್ಟಿ ನಿಂತ ಕ್ರಿಸ್ತನ ಹಿಂಭಾಗದ ಫಲಕ ವ್ಯಾಟಿಕನ್ ಮ್ಯೂಸಿಯಂನ ಪಾಲು. ಅಣ್ಣತಮ್ಮಂದಿರು ಹಿಸ್ಸೆ ಮಾಡಿಕೊಂಡರೂ ಬಾಗಿಲನ್ನೂ ಚೌಕಟ್ಟನ್ನೂ ಹೀಗೆ ಬೇರೆ ಬೇರೆ ಊರಿಗೆ ಹೊರುವುದಿಲ್ಲ.

ಮೂರೂ ಕಡೆಯವರ ಕೈಯಲ್ಲಿ ಕಾಗದವಿದೆ. ಒಬ್ಬರದು ಉಯಿಲು, ಒಬ್ಬರದು ಯುದ್ಧದ ಕಾಣಿಕೆ, ಒಬ್ಬರದು ಖರೀದಿ. ಇವುಗಳಲ್ಲಿ ಕೋರ್ಟಿನ ಮೆಟ್ಟಿಲು ಹತ್ತಿದ್ದು ಉಯಿಲು.

ಇಗ್ನಾಟ್ಸ್ ಬಾತ್ಯಾನಿ ಟ್ರಾನ್ಸಿಲ್ವೇನಿಯಾದ ಕ್ಯಾಥೊಲಿಕ್ ಬಿಷಪ್. ಪುಸ್ತಕದ ಹುಚ್ಚಿನವನು. 1782ರಲ್ಲಿ ವಿಯೆನ್ನಾದ ಕಾರ್ಡಿನಲ್ ಮಿಗಾಟ್ಸಿಯ ಸಂಗ್ರಹವನ್ನು ಕೊಂಡ. ಚಿನ್ನದ ಸುವಾರ್ತೆಯ ಮೊದಲ ಅರ್ಧ ಅವನಿಗೆ ಸಿಕ್ಕಿದ್ದು ಆ ಮೂಟೆಯಲ್ಲಿ. 1798ರ ಜುಲೈ 31ರಂದು ಉಯಿಲು ಬರೆದು, ತನ್ನ ಗ್ರಂಥಾಲಯವನ್ನೂ ಖಗೋಳ ವೀಕ್ಷಣಾಲಯವನ್ನೂ ಆಲ್ಬಾ ಯೂಲಿಯಾದ ಚರ್ಚಿಗೆ ಮತ್ತು ಟ್ರಾನ್ಸಿಲ್ವೇನಿಯಾ ಪ್ರಾಂತಕ್ಕೆ ಬಿಟ್ಟ. ಅದೇ ವರ್ಷ ತೀರಿಕೊಂಡ. ಈಗ ಬಾತ್ಯಾನೆಯುಮ್ ಎಂದು ಕರೆಯುವ ಗ್ರಂಥಾಲಯ ಅದೇ.

ಗಂಟು ಬಿದ್ದಿರುವುದು ‘ಮತ್ತು’ ಎಂಬ ಪದದಲ್ಲಿ. ಬಾತ್ಯಾನಿಯ ಕಾಲಕ್ಕೆ ಟ್ರಾನ್ಸಿಲ್ವೇನಿಯಾ ಹಾಬ್ಸ್‌ಬರ್ಗ್ ದೊರೆಗಳ ಕೆಳಗಿನ ಪ್ರಾಂತ. ಆಮೇಲೆ ಹಂಗೇರಿಯಲ್ಲಿ ಸೇರಿತು, ಮೊದಲ ಮಹಾಯುದ್ಧ ಮುಗಿದ ಮೇಲೆ ರೊಮೇನಿಯಾದ ಪಾಲಾಯಿತು. ಬಿಷಪ್ ಹೇಳಿದ ಪ್ರಾಂತ ಈಗ ಯಾವ ಆಡಳಿತದ ಹೆಸರೂ ಅಲ್ಲ. ಅದರ ವಾರಸುದಾರ ಯಾರು? ರೊಮೇನಿಯಾ ಸರ್ಕಾರ ತಾನು ಎನ್ನುತ್ತದೆ. ಚರ್ಚಿನವರು, ಪ್ರಾಂತದ ಜನ ಬಂದು ಓದಲಿ ಎಂಬುದಷ್ಟೇ ಬಿಷಪ್ಪನ ಆಶಯ, ಆಸ್ತಿ ನಮ್ಮದು ಎನ್ನುತ್ತಾರೆ. ಕಮ್ಯುನಿಸ್ಟ್ ಆಡಳಿತದಲ್ಲಿ ಗ್ರಂಥಾಲಯ ಸರ್ಕಾರದ ವಶವಾಯಿತು. ಇವತ್ತು ಅದು ರೊಮೇನಿಯಾದ ರಾಷ್ಟ್ರೀಯ ಗ್ರಂಥಾಲಯದ ಶಾಖೆ. 1998ರಲ್ಲಿ ಸರ್ಕಾರವೇ ಸುಗ್ರೀವಾಜ್ಞೆ ಹೊರಡಿಸಿ, ಮರಳಿಸಬೇಕಾದ ಆಸ್ತಿಗಳ ಪಟ್ಟಿಯಲ್ಲಿ ಇದನ್ನೂ ಸೇರಿಸಿತು. ಪಟ್ಟಿಗೆ ಸೇರಿದ್ದೇ ಬಂತು, ಮುಂದೆ ಹೂಂ ಇಲ್ಲ, ಊಹೂಂ ಇಲ್ಲ. ಆರ್ಚ್‌ಬಿಷಪ್ ಕಚೇರಿ ಸ್ಟ್ರಾಸ್‌ಬರ್ಗಿನ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯಕ್ಕೆ ಹೋಯಿತು. 2012ರ ಸೆಪ್ಟೆಂಬರ್ 25ರಂದು ಬಂದ ತೀರ್ಪು ಚರ್ಚಿನ ಕಡೆಗೇ ಇತ್ತು, ಆದರೆ ಗ್ರಂಥಾಲಯ ಯಾರದು ಎಂಬುದನ್ನು ಕೋರ್ಟು ಮುಟ್ಟಲಿಲ್ಲ. ಮರಳಿಸುತ್ತೇವೆಂದು ಬರೆದುಕೊಟ್ಟು 14 ವರ್ಷ ಉತ್ತರವಿಲ್ಲದೆ ಕೂರಿಸಿದ್ದು ಆಸ್ತಿ ಹಕ್ಕಿನ ಉಲ್ಲಂಘನೆ ಎಂದಿತು, ಅಷ್ಟೇ. ತಾಲೂಕು ಕಚೇರಿಯಲ್ಲಿ ಫೈಲು ಹಿಂದೆ ಬಿದ್ದು ಅಲೆದವರಿಗೆ ಈ ತೀರ್ಪಿನ ರುಚಿ ತಕ್ಷಣ ಗೊತ್ತಾಗುತ್ತದೆ.

ಈ ಜಗಳದಲ್ಲಿ ಇಬ್ಬರೂ ಇಸಿ ತೆಗೆಸುತ್ತಿರುವುದು 1798ರಿಂದ. ಆ ದಿನಾಂಕಕ್ಕಿಂತ ಆಚೆ ಹೋಗಲು ಇಬ್ಬರಿಗೂ ಇಷ್ಟವಿಲ್ಲ, ಏಕೆಂದರೆ ಆಚೆ ಹೋದರೆ ಇಬ್ಬರೂ ಇಲ್ಲ.

ಆಚೆ ಇರುವುದು ಜರ್ಮನಿಯ ಲಾರ್ಶ್. 764ರಲ್ಲಿ ಹುಟ್ಟಿದ ಮಠ. ಒಂಬತ್ತನೆಯ ಶತಮಾನದಲ್ಲಿ ಅಲ್ಲಿನ ಸನ್ಯಾಸಿಗಳು ತಮ್ಮ ಪುಸ್ತಕಗಳ ಪಟ್ಟಿ ಬರೆದಿಟ್ಟರು. ಅಗಸ್ಟೀನ್, ಜೆರೋಮ್, ಗ್ರೆಗರಿ, ಹೀಗೆ ಆ ಕಾಲದ ದೇವತಾಶಾಸ್ತ್ರದ ಬಹುಭಾಗ ಆ ಕಪಾಟುಗಳಲ್ಲಿತ್ತು. ಪಟ್ಟಿಯಲ್ಲಿ ಒಂದು ಸಾಲು ಹೀಗಿದೆ: ಎವಾಂಗೆಲಿಯುಂ ಸ್ಕ್ರಿಪ್ತುಂ ಕುಂ ಔರೋ ಪಿಕ್ತುಂ ಹಾಬೆನ್ಸ್ ತಾಬುಲಾಸ್ ಎಬುರ್ನೆಯಾಸ್. ಚಿನ್ನದಲ್ಲಿ ಬರೆದ, ಚಿತ್ರವುಳ್ಳ, ದಂತದ ಹಲಗೆಗಳುಳ್ಳ ಸುವಾರ್ತೆ. ನಮ್ಮ ಪುಸ್ತಕ ಇದೇ ಎಂಬುದು ವಿದ್ವಾಂಸರ ಒಪ್ಪಿತ ಅಭಿಪ್ರಾಯ. 1479ರಲ್ಲಿ ಮಠದಲ್ಲೇ ಅದಕ್ಕೆ ಹೊಸದಾಗಿ ರಟ್ಟು ಕಟ್ಟಿದರು. ಒಂದು ಸಂಪುಟ ಎರಡಾಗಿದ್ದು ಆಗಲೇ ಎಂದು ಅಂದಾಜು. ಅಂದರೆ ಪುಸ್ತಕವನ್ನು ಮೊದಲು ಕತ್ತರಿಸಿದ್ದು ಕಳ್ಳನೂ ಅಲ್ಲ, ವ್ಯಾಪಾರಿಯೂ ಅಲ್ಲ, ಅದನ್ನು ಪ್ರೀತಿಯಿಂದ ದುರಸ್ತಿ ಮಾಡಿಸಿದ ಮನೆಯವರೇ.

ಹದಿನಾರನೆಯ ಶತಮಾನದಲ್ಲಿ ಆ ಸೀಮೆಯ ದೊರೆ ಓಟ್‌ಹೈನ್‌ರಿಖ್ ಪ್ರಾಟೆಸ್ಟೆಂಟ್ ಪಂಥಕ್ಕೆ ವಾಲಿದ. ಮಠ ಮುಚ್ಚಿತು, ಪುಸ್ತಕಗಳು ಹತ್ತಿರದ ಹೈಡೆಲ್‌ಬರ್ಗಿಗೆ ಸಾಗಿದವು. ಅಲ್ಲಿನ ಪವಿತ್ರಾತ್ಮ ಚರ್ಚಿನ ಗ್ಯಾಲರಿಗಳಲ್ಲಿ ಜೋಡಿಸಿಟ್ಟ ಆ ಸಂಗ್ರಹಕ್ಕೆ ಬಿಬ್ಲಿಯೊಥೆಕಾ ಪಾಲಾಟಿನಾ ಎಂದು ಹೆಸರು. ಹೈಡೆಲ್‌ಬರ್ಗ್ ಪರವಾಗಿ ಕಣ್ಣೀರು ಹಾಕುವ ಬರಹಗಳು ಬಹಳ. ಆದರೆ ಸನ್ಯಾಸಿಗಳ ಕಪಾಟಿನಿಂದ ದೊರೆಯ ಗಾಡಿಗೆ ಪುಸ್ತಕ ಏರಿದ ಈ ಹಂತವನ್ನು ಆ ಬರಹಗಳು ಒಂದೇ ವಾಕ್ಯದಲ್ಲಿ ದಾಟಿಬಿಡುತ್ತವೆ.

1622ರ ಸೆಪ್ಟೆಂಬರ್‌ನಲ್ಲಿ, ಮೂವತ್ತು ವರ್ಷಗಳ ಯುದ್ಧದ ಆರಂಭದ ಹಂತದಲ್ಲಿ, ಕ್ಯಾಥೊಲಿಕ್ ಸೇನಾಪತಿ ಟಿಲ್ಲಿ ಹೈಡೆಲ್‌ಬರ್ಗನ್ನು ಹಿಡಿದ. ಅವನ ಒಡೆಯ ಬವೇರಿಯಾದ ಮ್ಯಾಕ್ಸಿಮಿಲಿಯನ್. ಯುದ್ಧಕ್ಕೆ ಪೋಪ್ ಹದಿನೈದನೆಯ ಗ್ರೆಗರಿ ಹಣ ಕೊಟ್ಟಿದ್ದರು, ಬದಲಿಗೆ ಅವರಿಗೆ ಗ್ರಂಥಾಲಯ ಬೇಕಿತ್ತು. ಅದನ್ನು ತರಲು ರೋಮಿನಿಂದ ಬಂದವನು ಲಿಯೋ ಅಲ್ಲಾಚಿ ಎಂಬ ಗ್ರೀಕ್ ಮೂಲದ ವಿದ್ವಾಂಸ. ಸುಮಾರು 3,500 ಹಸ್ತಪ್ರತಿ, ಸಾವಿರಾರು ಮುದ್ರಿತ ಪುಸ್ತಕ, 196 ಪೆಟ್ಟಿಗೆ, ಆಲ್ಪ್ಸ್ ದಾಟಲು ಹೇಸರಗತ್ತೆಗಳ ಸಾಲು. ಭಾರ ಕಡಿಮೆಯಾಗಲೆಂದು ಅವನು ಎಷ್ಟೋ ಪುಸ್ತಕಗಳ ಮರದ ರಟ್ಟನ್ನು ಕಿತ್ತು ಎಸೆದ.

ರಟ್ಟು ಹೋದರೆ ಏನು ಮಹಾ ಅನ್ನಿಸಬಹುದು. ಆದರೆ ಹಸ್ತಪ್ರತಿಯ ಇಸಿ ಬರೆದಿರುವುದೇ ಅಲ್ಲಿ. ಯಾರ ಪುಸ್ತಕ ಎಂಬ ಸಾಲು, ಕಪಾಟಿನ ಸಂಖ್ಯೆ, ಅಡವಿಟ್ಟ ಟಿಪ್ಪಣಿ, ಕದ್ದವನಿಗೆ ಶಾಪ, ಎಲ್ಲ ರಟ್ಟಿನ ಒಳಮೈಗೋ ಅದಕ್ಕೆ ಅಂಟಿದ ಬಿಳಿ ಹಾಳೆಗೋ ಸೇರಿದ್ದು. ಶಾಪವೆಂದಾಗ ನಮಗೆ ಶಾಸನಗಳ ಕೊನೆಯ ‘ಸ್ವದತ್ತಾಂ ಪರದತ್ತಾಂ ವಾ’ ನೆನಪಾಗುತ್ತದೆ: ತಾನು ಕೊಟ್ಟಿದ್ದನ್ನೋ ಬೇರೆಯವರು ಕೊಟ್ಟಿದ್ದನ್ನೋ ಕಸಿದವನು ಅರವತ್ತು ಸಾವಿರ ವರ್ಷ ಅಮೇಧ್ಯದ ಹುಳುವಾಗಿ ಹುಟ್ಟುತ್ತಾನೆ. ಯುರೋಪಿನ ಮಠಗಳದು ಇಷ್ಟು ವಿವರದ ಶಾಪವಲ್ಲ. ಇದು ಇಂಥ ಸಂತನ ಪುಸ್ತಕ, ಒಯ್ದವನಿಗೆ ಅನಾಥೆಮಾ ಸಿತ್, ಅಂದರೆ ಧರ್ಮಬಾಹಿರನಾಗಲಿ, ಎಂದು ಮುಗಿಸುತ್ತಿದ್ದರು. ಶಾಪಕ್ಕೆ ಹೆದರಿ ಪುಸ್ತಕ ಬಿಟ್ಟವರ ಲೆಕ್ಕ ಯಾರಿಗೂ ಸಿಗದು. ಆದರೆ ಆ ಸಾಲು ಉಳಿದ ಕಡೆಯಲ್ಲೆಲ್ಲ ಇವತ್ತಿನ ಸಂಶೋಧಕನಿಗೆ ಮೂಲ ಮನೆಯ ವಿಳಾಸ ಸಿಕ್ಕಿದೆ.

ಮ್ಯಾಕ್ಸಿಮಿಲಿಯನ್ ಮಾಡಿದ್ದು ಇನ್ನೂ ವಿಶೇಷ. ಒಯ್ದ ಪುಸ್ತಕಗಳಿಗೆ ಅಂಟಿಸಲು ಅವನು ಚೀಟಿ ಅಚ್ಚು ಹಾಕಿಸಿದ. ಮೇಲೆ ಅವನ ಲಾಂಛನ, ಕೆಳಗೆ ಲ್ಯಾಟಿನ್‌ನಲ್ಲಿ ಪುಸ್ತಕವೇ ಮಾತಾಡುವ ಹಾಗೆ ಒಂದು ಒಕ್ಕಣೆ: ಹೈಡೆಲ್‌ಬರ್ಗನ್ನು ಹಿಡಿದಾಗ ಬವೇರಿಯಾದ ದೊರೆ ಮ್ಯಾಕ್ಸಿಮಿಲಿಯನ್ ಸೂರೆಯಾಗಿ ಪಡೆದು, ಹದಿನೈದನೆಯ ಗ್ರೆಗರಿ ಪೋಪರಿಗೆ ವಿಜಯದ ಕಾಣಿಕೆಯಾಗಿ ಕಳಿಸಿದ ಗ್ರಂಥಾಲಯದ ಪುಸ್ತಕ ನಾನು. ಅಲ್ಲಿರುವ ಪದ ಸ್ಪೋಲಿಯುಂ, ಸೂರೆ ಎಂದೇ ಅರ್ಥ. ಲೂಟಿಯ ಮಾಲಿಗೆ ಲೂಟಿ ಎಂದೇ ಚೀಟಿ! ಇದರಲ್ಲಿ ಇನ್ನೊಂದು ತಮಾಷೆಯೂ ಇದೆ. ಗ್ರೆಗರಿ 1623ರ ಜುಲೈ 8ರಂದು ತೀರಿಕೊಂಡರು. ಪೆಟ್ಟಿಗೆಗಳು ರೋಮು ಮುಟ್ಟಿದ್ದು ಆಗಸ್ಟ್‌ನಲ್ಲಿ. ಚೀಟಿಯಲ್ಲಿ ಹೆಸರಿದ್ದವರು ಒಂದು ಪುಸ್ತಕವನ್ನೂ ನೋಡಲಿಲ್ಲ.

ಇವತ್ತಿನ ಹರಾಜಿನ ಕ್ಯಾಟಲಾಗುಗಳಲ್ಲಿ ‘ಯುರೋಪಿನ ಖಾಸಗಿ ಸಂಗ್ರಹದಿಂದ’ ಎಂಬ ನಯವಾದ ಮುಸುಕನ್ನು ಓದಿ ಸುಸ್ತಾದವರಿಗೆ ಆ ಚೀಟಿಯ ನಿರ್ಲಜ್ಜೆ ಒಂದು ಬಗೆಯಲ್ಲಿ ಹಿತವೆನಿಸೀತು. ನನಗಂತೂ ಹೆಸರು ಮೆರೆಸಿದ ಲೂಟಿಗಿಂತ ಹೆಸರು ಕೆರೆದ ಲೂಟಿ ಹೆಚ್ಚು ಅಪಾಯಕಾರಿ ಅನ್ನಿಸುತ್ತದೆ. ಫ್ಲಾರೆನ್ಸಿನ ಲಾರೆನ್ಷಿಯನ್ ಗ್ರಂಥಾಲಯದಲ್ಲಿರುವ ಕೋಡೆಕ್ಸ್ ಅಮಿಯಾಟಿನುಸ್ ನೋಡಿ. ಇಡೀ ಬೈಬಲ್, 1,030 ಹಾಳೆ, 34 ಕಿಲೋಗೂ ಹೆಚ್ಚು ತೂಕ. ಇಂಗ್ಲೆಂಡಿನ ಈಶಾನ್ಯ ಮೂಲೆಯ ಜಾರೋ ಮಠದ ಮುಖ್ಯಸ್ಥ ಚೆಯೋಲ್‌ಫ್ರಿತ್ ಇದನ್ನು ಪೋಪರಿಗೆ ಒಪ್ಪಿಸಲು 716ರಲ್ಲಿ ತಾನೇ ಹೊರಟ, ದಾರಿಯಲ್ಲಿ ಫ್ರಾನ್ಸಿನ ಲಾಂಗ್ರ್‌ನಲ್ಲಿ ಸತ್ತ. ಪುಸ್ತಕ ಕೊನೆಗೆ ಇಟಲಿಯ ಅಮಿಯಾಟಾ ಬೆಟ್ಟದ ಮಠ ಸೇರಿತು. ಅಲ್ಲಿ ಯಾರೋ ಅರ್ಪಣೆಯ ಪದ್ಯವನ್ನು ಚಾಕುವಿನಲ್ಲಿ ಕೆರೆದರು. ‘ಆಂಗ್ಲರ ಚೆಯೋಲ್‌ಫ್ರಿದುಸ್’ ಇದ್ದ ಜಾಗಕ್ಕೆ ‘ಲಾಂಗೊಬಾರ್ಡರ ಪೆತ್ರುಸ್’ ಬಂದ. ಆದರೆ ಅದೇ ಸಾಲಿನಲ್ಲಿ ‘ದೂರದ ಕೊನೆಯ ಸೀಮೆಯಿಂದ’ ಎಂಬ ಮಾತನ್ನು ಹಾಗೇ ಬಿಟ್ಟರು. ಇಟಲಿಯಲ್ಲೇ ಇರುವ ಲಾಂಗೊಬಾರ್ಡನಿಗೆ ರೋಮು ಯಾವ ದೂರ? ಹೊಸ ಪದಗಳು ಛಂದಸ್ಸಿಗೂ ಕೂರಲಿಲ್ಲ, ಮಾತ್ರೆ ತಪ್ಪಿದವು. 1880ರ ದಶಕದಲ್ಲಿ ದೆ ರೊಸ್ಸಿ ಎಂಬ ಇಟಲಿಯ ವಿದ್ವಾಂಸ ಕೆರೆದ ಹೆಸರನ್ನು ಊಹಿಸಿದ. ಚೆಯೋಲ್‌ಫ್ರಿತ್‌ನ ಹಳೆಯ ಜೀವನಚರಿತ್ರೆಯಲ್ಲಿ ಅದೇ ಪದ್ಯ ಮೂಲರೂಪದಲ್ಲಿ ಇರುವುದನ್ನು ಇಂಗ್ಲೆಂಡಿನ ಹಾರ್ಟ್ ತೋರಿಸಿದ ಮೇಲೆ ಗುಟ್ಟು ಪೂರ್ತಿ ಬಯಲಾಯಿತು. ಸಾವಿರ ವರ್ಷ ನಿಂತ ಸುಳ್ಳು ಖಾತೆಯನ್ನು ಮಾತ್ರೆಯ ಲೆಕ್ಕವೂ ಸೇರಿ ಬೀಳಿಸಿತು. 2018ರಲ್ಲಿ ಲಂಡನ್ನಿನ ಪ್ರದರ್ಶನಕ್ಕೆ ಆ ಪುಸ್ತಕ ಎರವಲಾಗಿ ಬಂತು, 1,302 ವರ್ಷಗಳ ನಂತರ ಹುಟ್ಟಿದ ದ್ವೀಪಕ್ಕೆ. ಪ್ರದರ್ಶನ ಮುಗಿದ ಮೇಲೆ ಫ್ಲಾರೆನ್ಸಿಗೆ ಮರಳಿತು.

ಹೈಡೆಲ್‌ಬರ್ಗಿನ ಕಥೆಗೆ ಬರೋಣ. 1797ರಲ್ಲಿ ನೆಪೋಲಿಯನ್ ಪೋಪರ ಕೈಯಲ್ಲಿ ಟೊಲೆಂಟಿನೊ ಒಪ್ಪಂದಕ್ಕೆ ಸಹಿ ಹಾಕಿಸಿ, 500 ಹಸ್ತಪ್ರತಿಗಳನ್ನು ಪ್ಯಾರಿಸ್ಸಿಗೆ ಸೆಳೆದ. ಅವುಗಳಲ್ಲಿ ಹೈಡೆಲ್‌ಬರ್ಗಿನವೂ ಕೆಲವಿದ್ದವು. ಸೂರೆಯ ಮೇಲೊಂದು ಸೂರೆ. ನೆಪೋಲಿಯನ್ ಬಿದ್ದ ಮೇಲೆ, ಪ್ಯಾರಿಸ್ಸಿನಲ್ಲಿದ್ದ ತನ್ನ ಪುಸ್ತಕಗಳನ್ನು ಹೈಡೆಲ್‌ಬರ್ಗ್ ಕೇಳಿ ಪಡೆಯಿತು. ಅದೇ ಬಿಸಿಯಲ್ಲಿ ರೋಮಿಗೂ ಅರ್ಜಿ ಹೋಯಿತು. 1816ರಲ್ಲಿ ಪೋಪ್ ಏಳನೆಯ ಪಯಸ್ 847 ಹಸ್ತಪ್ರತಿಗಳನ್ನು ಕೊಟ್ಟರು. ಯಾವ 847? ಜರ್ಮನ್ ಭಾಷೆಯವು. ಸುಮಾರು 2,000 ಲ್ಯಾಟಿನ್ ಹಸ್ತಪ್ರತಿಗಳು, ಅಂದರೆ ದೇವತಾಶಾಸ್ತ್ರದ ತಿರುಳೆಲ್ಲ, ರೋಮಿನಲ್ಲೇ ಉಳಿದವು.

ಇಡೀ ವಿವಾದದಲ್ಲಿ ಯೋಚಿಸಲೇಬೇಕಾದ ಜಾಗ ಇದು. ರಾಷ್ಟ್ರಗಳು ಕಣ್ಣು ಬಿಡುತ್ತಿದ್ದ ಕಾಲ. ಜರ್ಮನ್ ಮಾತಿನ ಪುಸ್ತಕ ಜರ್ಮನರದು ಎಂಬುದು ಎಲ್ಲರಿಗೂ ಸಹಜವಾಗಿ ಕಂಡಿತು. ಲ್ಯಾಟಿನ್ನಿಗೆ ಹಾಗೆ ಹೇಳಿಕೊಳ್ಳಲು ಊರಿಲ್ಲ. ಲಾರ್ಶ್‌ನ ಸನ್ಯಾಸಿ ಹೆಬ್ಬೆರಳು ನೋಯಿಸಿಕೊಂಡು ಬರೆದ ಅಗಸ್ಟೀನನ ವ್ಯಾಖ್ಯಾನ ಲಾರ್ಶ್‌ನದೋ, ಅಗಸ್ಟೀನ್ ಹುಟ್ಟಿದ ಉತ್ತರ ಆಫ್ರಿಕಾದ್ದೋ, ಲ್ಯಾಟಿನ್ನನ್ನು ಪೂಜೆಯ ಭಾಷೆಯಾಗಿ ಉಳಿಸಿಕೊಂಡ ರೋಮಿನದೋ? ಬರೆದ ಜಾಗವನ್ನು ಬಿಟ್ಟು ಬರಹದ ಭಾಷೆಯನ್ನು ಅಳತೆಗೋಲಾಗಿ ಹಿಡಿದರೆ, ಮಠದ ದುಡಿಮೆ ಲೆಕ್ಕಕ್ಕೇ ಬರುವುದಿಲ್ಲ. 1816ರ ಹಂಚಿಕೆಯನ್ನು ಉದಾರತೆ ಎಂದು ಹೊಗಳುವುದು ವಾಡಿಕೆ. ನನಗದು ಜಾಣತನದ ಹಿಸ್ಸೆಯಾಗಿ ಕಾಣುತ್ತದೆ: ನಿಮಗೆ ಭಾವನೆ ಇರುವುದು ನಿಮಗೆ, ಬೆಲೆ ಇರುವುದು ನಮಗೆ.

ಕಾನೂನು ಈ ಕಗ್ಗಂಟನ್ನು ಬಿಡಿಸುವ ಬಗೆ ಒಂದೇ, ದಿನಾಂಕದ ಬೇಲಿ ಹಾಕುವುದು. ದಕ್ಷಿಣ ಇಟಲಿಯ ಬೆನೆವೆಂತೊ ಕೆಥೆಡ್ರಲ್‌ನ ಹನ್ನೆರಡನೆಯ ಶತಮಾನದ ಪೂಜಾಗ್ರಂಥವೊಂದು 1944ರಲ್ಲಿ ನೇಪಲ್ಸಿನ ಹಳೆ ಪುಸ್ತಕದಂಗಡಿಯಲ್ಲಿ ಬ್ರಿಟಿಷ್ ಸೇನಾಧಿಕಾರಿಯೊಬ್ಬರ ಕೈಗೆ ಬಂತು. 1947ರ ಸಾದಬೀಸ್ ಹರಾಜಿನಲ್ಲಿ ಬ್ರಿಟಿಷ್ ಮ್ಯೂಸಿಯಂ ಅದನ್ನು ಕೊಂಡಿತು. ಕೆಥೆಡ್ರಲ್ಲಿನವರು ಕೇಳಿದಾಗ, ಬ್ರಿಟನ್ನಿನ ಸರ್ಕಾರಿ ಸಲಹಾ ಸಮಿತಿ 2005ರಲ್ಲಿ, ಇದು ಯುದ್ಧದ ಗಲಾಟೆಯಲ್ಲಿ ಕಳವಾದದ್ದೇ ಇರಬೇಕು, ಮರಳಿಸಿ ಎಂದಿತು. ಮ್ಯೂಸಿಯಂನ ಪುಸ್ತಕಗಳು ಅಷ್ಟರಲ್ಲಿ ಬ್ರಿಟಿಷ್ ಲೈಬ್ರರಿಯ ಕೈಗೆ ಬಂದಿದ್ದವು, ಆದರೆ ಅದಕ್ಕೆ ಮರಳಿ ಕೊಡಲು ಕಾನೂನಿನಲ್ಲಿ ಅಧಿಕಾರವೇ ಇರಲಿಲ್ಲ. 2009ರಲ್ಲಿ ಹೊಸ ಕಾಯ್ದೆ ಬಂತು, ಅದರಡಿ ಮೊದಲು ಮರಳಿದ್ದು ಈ ಪುಸ್ತಕ. ಆ ಕಾಯ್ದೆಯ ಹೆಸರಿನಲ್ಲಿರುವುದು ಹೋಲೋಕಾಸ್ಟ್, ಅಂದರೆ ನಾಜಿಗಳು ನಡೆಸಿದ ಯಹೂದಿಗಳ ನರಮೇಧ; ಬೆನೆವೆಂತೊ ಕೆಥೆಡ್ರಲ್ಲನ್ನು ನೆಲಸಮ ಮಾಡಿದ್ದು ಮಾತ್ರ ಮಿತ್ರಪಡೆಗಳ ಬಾಂಬು. ಕಾಯ್ದೆ ನೋಡುವುದು 1933ರಿಂದ 1945ರ ನಡುವಿನ ನಷ್ಟವನ್ನು. ಆ ಹನ್ನೆರಡು ವರ್ಷದೊಳಗೆ ಕಳೆದುಹೋದ ಪುಸ್ತಕಕ್ಕೆ ಬಾಗಿಲು ತೆರೆಯಿತು. 1623ರ ಪುಸ್ತಕಕ್ಕೆ ತಟ್ಟಲು ಬಾಗಿಲೇ ಇಲ್ಲ.

ಹಾಗಾದರೆ ಹಿಂದೆ ಹಿಂದೆ ಹೋಗುತ್ತಲೇ ಇರಬೇಕೆ? ಎಲ್ಲಿ ನಿಲ್ಲಬೇಕು? ಈ ಪ್ರಶ್ನೆ ನಮ್ಮ ಮನೆಯಂಗಳದಲ್ಲೂ ಇದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಟಿಪ್ಪುವಿನ ಸುಮಾರು 2,000 ಸಂಪುಟಗಳ ಗ್ರಂಥಾಲಯ ಈಸ್ಟ್ ಇಂಡಿಯಾ ಕಂಪನಿಯ ಪಾಲಾಯಿತು. ಅದರ ಬಹುಭಾಗ ಕಲ್ಕತ್ತೆಗೂ ಲಂಡನ್ನಿಗೂ ಹಂಚಿಹೋಯಿತು. ಅದು ನಮ್ಮದು, ಬರಬೇಕು ಎಂದು ಹೇಳುವುದು ಸುಲಭ, ನಾನೂ ಹೇಳುತ್ತೇನೆ. ಆದರೆ 1809ರಲ್ಲಿ ಅದರ ಕ್ಯಾಟಲಾಗು ಪ್ರಕಟಿಸಿದ ಚಾರ್ಲ್ಸ್ ಸ್ಟೀವರ್ಟ್, ಈ ಪುಸ್ತಕಗಳಲ್ಲಿ ಹೈದರನೋ ಟಿಪ್ಪುವೋ ಕೊಂಡಿದ್ದು ಬಹಳ ಕಡಿಮೆ, ಹೆಚ್ಚಿನವು ಸವಣೂರು, ಕಡಪ, ಕರ್ನಾಟಿಕ್ ಸೀಮೆಗಳಿಂದ ಸೂರೆಯಾಗಿ ಬಂದವು, ಕೆಲವು ಮೊದಲು ಬಿಜಾಪುರ, ಗೋಲ್ಕೊಂಡ ಸುಲ್ತಾನರವು ಎಂದು ಬರೆದಿದ್ದಾನೆ. ಲೂಟಿ ಮಾಡಿದವರ ನೌಕರನ ಮಾತು, ಉಪ್ಪು ಹಾಕಿಕೊಂಡೇ ಓದಬೇಕು. ಆದರೂ ಲಂಡನ್ನಿನಿಂದ ಒಂದು ಸಂಪುಟ ಹೊರಟರೆ ಅದು ಇಳಿಯಬೇಕಾದ್ದು ಶ್ರೀರಂಗಪಟ್ಟಣದಲ್ಲೋ, ಸವಣೂರಿನಲ್ಲೋ, ವಿಜಯಪುರದಲ್ಲೋ? ಅಲ್ಲಿನ ಉತ್ತರ ಲಾರ್ಶ್‌ಗೂ ಅನ್ವಯಿಸಬೇಕು.

ನನ್ನ ಉತ್ತರ ಅರ್ಧ ಮಾತ್ರ. ಹಿಡಿದವನು ಇಡೀ ಸರಪಳಿಯನ್ನು ತೆರೆದಿಡಬೇಕು, ತನ್ನ ಹೆಸರು ಬರುವ ಕೊಂಡಿಯಿಂದ ಶುರುಮಾಡಬಾರದು. ಮರಳಿಸುವುದೋ ಬಿಡುವುದೋ ಎಂಬ ವಾದ ಅದಾದ ಮೇಲೆ ಪ್ರಾಮಾಣಿಕವಾಗಿ ನಡೆದೀತು. ಕೋರ್ಟಿಗಿಂತ ಗ್ರಂಥಪಾಲಕರು ಇದನ್ನು ಚೆನ್ನಾಗಿ ಅರ್ಥ ಮಾಡಿಕೊಂಡಂತಿದೆ. ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯದ ಗ್ರಂಥಾಲಯ ವ್ಯಾಟಿಕನ್ ಜೊತೆ ಸೇರಿ ಪಾಲಾಟಿನಾದ ಲ್ಯಾಟಿನ್ ಹಸ್ತಪ್ರತಿಗಳನ್ನು ಸ್ಕ್ಯಾನ್ ಮಾಡಿಸಿದೆ. ಲಾರ್ಶ್‌ನದೇ ಆದ ಮುನ್ನೂರಕ್ಕೂ ಹೆಚ್ಚು ಹಸ್ತಪ್ರತಿಗಳು, ಹತ್ತಾರು ಗ್ರಂಥಾಲಯಗಳಲ್ಲಿ ಚದುರಿದ್ದವು, ಈಗ ಒಂದೇ ಡಿಜಿಟಲ್ ಕಪಾಟಿನಲ್ಲಿ ಸಿಗುತ್ತವೆ. ಯಾರು ಬೇಕಾದರೂ ಫೋನಿನಲ್ಲೇ ತೆರೆದು, ಅಕ್ಷರ ಹಿಗ್ಗಿಸಿ ನೋಡಬಹುದು. ಚಿತ್ರ ಬಂತಲ್ಲ, ಇನ್ನೇನು ಬೇಕು ಎಂದು ಹಿಡಿದವರು ಕೈತೊಳೆದುಕೊಳ್ಳಲು ಇದು ನೆಪವೂ ಆಗುತ್ತದೆ. ಸ್ಕ್ಯಾನು ಓದಲಿಕ್ಕೆ ಸಾಕು. ಕೆರೆದ ಅಕ್ಷರದ ತಗ್ಗನ್ನೂ ಹಾಳೆಯ ಹೊಲಿಗೆಯ ತೂತನ್ನೂ ಹುಡುಕುವವನು ಇವತ್ತಿಗೂ ರೈಲೋ ವಿಮಾನವೋ ಹತ್ತಬೇಕು.

ಚಿನ್ನದ ಸುವಾರ್ತೆಯ ತುಂಡುಗಳನ್ನು 1965ರಲ್ಲಿ ಜರ್ಮನಿಯ ಆಖೆನ್‌ನಲ್ಲಿ, ಶಾರ್ಲೆಮೇನ್ ಕುರಿತ ಪ್ರದರ್ಶನಕ್ಕಾಗಿ ಒಟ್ಟಿಗೆ ಇಟ್ಟಿದ್ದರು. ಎರಡು ವರ್ಷದ ನಂತರ ಎರಡೂ ಅರ್ಧ ಸೇರಿಸಿ ಅದರ ಪ್ರತಿರೂಪವನ್ನು ಅಚ್ಚು ಮಾಡಿದರು, ಮತ್ತಾಯನ ಹಿಂದೆಯೇ ಮಾರ್ಕ, ಮಾರ್ಕನ ಹಿಂದೆಯೇ ಲೂಕ. ಮೂಲದ ತುಂಡುಗಳು ತಂತಮ್ಮ ಊರಿಗೆ ಹೋದವು.

ಲಾರ್ಶ್‌ನಲ್ಲಿ ಈಗ ಕೆಂಪು ಬಿಳಿ ಕಲ್ಲಿನ ಹಳೆಯ ಹೆಬ್ಬಾಗಿಲಿನ ಕಟ್ಟಡ ಉಳಿದಿದೆ, 1991ರಿಂದ ಅದು ಯುನೆಸ್ಕೊ ಪಟ್ಟಿಯಲ್ಲಿದೆ. ದಂತದ ಹಲಗೆಗಳುಳ್ಳ ಸುವಾರ್ತೆ ನಮ್ಮ ಕಪಾಟಿನಲ್ಲಿದೆ ಎಂದು ಸನ್ಯಾಸಿಗಳು ಬರೆದಿಟ್ಟ ಆ ಒಂಬತ್ತನೆಯ ಶತಮಾನದ ಪಟ್ಟಿ ಅಲ್ಲಿಲ್ಲ. ಅದೂ ವ್ಯಾಟಿಕನ್‌ನಲ್ಲಿದೆ, ಪಾಲಾಟಿನುಸ್ ಲ್ಯಾಟಿನುಸ್ 1877.